ರಾತ್ರಿ ಹಾಕುವ ಲೆನ್ಸು, ಹಗಲಿನ ನೋಟ

ಸೈಟ್ ಇರುವವರ ಕಿವಿಗೆ ಇದು ಹಿತವಾದ ಮಾತು: ರಾತ್ರಿ ಮಲಗುವ ಮುಂಚೆ ಒಂದು ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಳ್ಳಿ, ಬೆಳಿಗ್ಗೆ ಎದ್ದು ತೆಗೆದಿಡಿ, ದಿನವಿಡೀ ಕನ್ನಡಕವಿಲ್ಲದೆ ಓಡಾಡಿ. ಆಪರೇಷನ್ ಇಲ್ಲ, ಲೇಸರ್ ಇಲ್ಲ, ಬೇಡವೆನಿಸಿದ ದಿನ ಬಿಟ್ಟರಾಯಿತು, ಕಣ್ಣು ಹಳೆಯ ಸ್ಥಿತಿಗೆ ಮರಳುತ್ತದೆ. ಇದರ ಪೂರ್ಣ ಹೆಸರು ಆರ್ಥೋಕೆರಟಾಲಜಿ, ಕ್ಲಿನಿಕ್ಕುಗಳಲ್ಲಿ ಎಲ್ಲರೂ ಕರೆಯುವುದು ಆರ್ಥೋ-ಕೆ ಎಂದು. ಮೇಲಿನ ಮಾತುಗಳಲ್ಲಿ ಸುಳ್ಳಿಲ್ಲ. ಮೈನಸ್ ನಾಲ್ಕರೊಳಗೆ ಪವರ್ ಇರುವ ಬಹುಪಾಲು ಮಂದಿ ಒಂದೆರಡು ವಾರಗಳಲ್ಲಿ ಬರಿಗಣ್ಣಿನಿಂದಲೇ 6/6 ಸಾಲನ್ನೋ ಅದರ ಪಕ್ಕದ ಸಾಲನ್ನೋ ಓದುತ್ತಾರೆ.

ತಕರಾರು ಇರುವುದು ಈ 6/6 ಎಂಬ ಲೆಕ್ಕದಲ್ಲೇ. ಡಚ್ ವೈದ್ಯ ಹರ್ಮನ್ ಸ್ನೆಲನ್ 1862ರಲ್ಲಿ ರೂಪಿಸಿದ ಚಾರ್ಟಿನ ವಂಶದವೇ ಇಂದಿಗೂ ಕಣ್ಣಿನ ಡಾಕ್ಟರ ಗೋಡೆಯ ಮೇಲಿರುವುದು. ಬಿಳಿ ಹಿನ್ನೆಲೆ, ಕಡುಗಪ್ಪು ಅಕ್ಷರ. ಅಷ್ಟು ಸ್ಫುಟವಾಗಿ ಬರೆದಿಟ್ಟರೆ ಎಷ್ಟು ಸಣ್ಣ ಅಕ್ಷರವನ್ನು ಓದಬಲ್ಲಿರಿ ಎಂಬುದನ್ನಷ್ಟೇ ಅದು ಅಳೆಯುತ್ತದೆ. ಮಬ್ಬುಗತ್ತಲಲ್ಲಿ ಬೂದು ಅಂಗಿ ತೊಟ್ಟು ರಸ್ತೆ ದಾಟುವ ಮನುಷ್ಯ, ಮಾಸಿದ ಮೆಟ್ಟಿಲಿನ ಅಂಚು, ಜಡಿಮಳೆಯಲ್ಲಿ ಎದುರಾಗುವ ಲಾರಿಯ ಹೆಡ್‌ಲೈಟು ಇವು ಆ ಪರೀಕ್ಷೆಯಲ್ಲಿ ಇಲ್ಲ. ಹಿನ್ನೆಲೆಗೂ ವಸ್ತುವಿಗೂ ಸ್ವಲ್ಪವೇ ಅಂತರವಿದ್ದಾಗ ಅದನ್ನು ಬೇರ್ಪಡಿಸಿ ಕಾಣುವುದು, ಬೆಳಕು ಚದುರದೆ ಚುಕ್ಕಿಯಾಗಿಯೇ ಕಾಣುವುದು, ಇವು ನೋಟದ ಗುಣಮಟ್ಟಕ್ಕೆ ಸೇರಿದ ಸಂಗತಿಗಳು. ರಾತ್ರಿ ಲೆನ್ಸುಗಳ ಕುರಿತು ಕಳೆದ ಎರಡು ದಶಕಗಳಲ್ಲಿ ಜಪಾನ್, ಹಾಂಗ್‌ಕಾಂಗ್, ಆಸ್ಟ್ರೇಲಿಯಾ, ಸ್ಪೇನ್, ಅಮೆರಿಕಗಳಲ್ಲಿ ನಡೆದ ಅಧ್ಯಯನಗಳನ್ನು ಜೊತೆಗಿಟ್ಟು ಓದಿದರೆ, ಈ ಲೆನ್ಸು ನೋಟದ ಚುರುಕನ್ನು ಧಾರಾಳವಾಗಿ ಕೊಟ್ಟು ಗುಣಮಟ್ಟದಲ್ಲಿ ಒಂದಿಷ್ಟನ್ನು ವಾಪಸ್ ಪಡೆಯುತ್ತದೆ ಎಂಬುದು ಸ್ಪಷ್ಟವಾಗುತ್ತದೆ. ಆ ‘ಒಂದಿಷ್ಟು’ ಎಲ್ಲರಿಗೂ ಒಂದೇ ಅಲ್ಲ. ದೊಡ್ಡವರಿಗೆ ನಷ್ಟವಾಗಿ ಕಾಣುವ ಅದೇ ಸಂಗತಿ ಮಕ್ಕಳ ಕಣ್ಣಿಗೆ ಉಪಕಾರವಾಗಿರುವ ಸಾಧ್ಯತೆಯೂ ಇದೆ.

ಇದರ ಮೂಲ ಅರವತ್ತು ವರ್ಷ ಹಿಂದಿನದು. ಗಟ್ಟಿ ಲೆನ್ಸು ಹಾಕುವವರ ಮೈನಸ್ ಪವರ್ ಕೆಲವೊಮ್ಮೆ ತಾನಾಗಿ ಇಳಿಯುವುದನ್ನು ಗಮನಿಸಿ ಷಿಕಾಗೋದ ಜಾರ್ಜ್ ಜೆಸೆನ್ 1962ರಲ್ಲಿ ಅದನ್ನೇ ಒಂದು ವಿಧಾನವಾಗಿ ಮುಂದಿಟ್ಟರು. ಕಣ್ಣಿನ ಬಾಗಿಗಿಂತ ಚಪ್ಪಟೆಯಾದ ಪ್ಲಾಸ್ಟಿಕ್ ಲೆನ್ಸನ್ನು ಹಗಲು ಹೊತ್ತು ತೊಡಿಸುತ್ತಿದ್ದ ಕಾಲ ಅದು. ಲೆನ್ಸು ನಡುವೆ ನಿಲ್ಲದೆ ಮೇಲಕ್ಕೆ ಜಾರುತ್ತಿತ್ತು, ಇಳಿಯುತ್ತಿದ್ದದ್ದು ಸರಾಸರಿ ಒಂದು ಡಯಾಪ್ಟರ್ (ಪವರ್ ಅಳೆಯುವ ಮಾನ) ಮಾತ್ರ, ಅದೂ ಯಾರಿಗೆ ಎಷ್ಟು ಎಂದು ಹೇಳಲಾಗುತ್ತಿರಲಿಲ್ಲ; ಕೆಲವರಿಗೆ ಇಲ್ಲದ ಸಿಲಿಂಡರ್ ಪವರ್ ಹೊಸದಾಗಿ ಬರುತ್ತಿತ್ತು. 1980ರ ದಶಕದಲ್ಲಿ ಈ ವಿದ್ಯೆ ಹೆಚ್ಚುಕಡಿಮೆ ಮೂಲೆಗುಂಪಾಗಿತ್ತು. ಆ ದಶಕದ ಕೊನೆಗೆ ಒಂದೇ ಲೆನ್ಸಿನಲ್ಲಿ ಹಲವು ಬಾಗುಗಳನ್ನು ಕಡೆಯುವ ಯಂತ್ರ, ಆಮ್ಲಜನಕ ಹಾಯಿಸುವ ಹೊಸ ಪ್ಲಾಸ್ಟಿಕ್, ಕಣ್ಣಿನ ಮುಂಭಾಗದ ಪಾರದರ್ಶಕ ಪರೆಯಾದ ಕಾರ್ನಿಯಾದ ಏರುತಗ್ಗಿನ ನಕ್ಷೆ ತೆಗೆಯುವ ಕಂಪ್ಯೂಟರ್ ಮೂರೂ ಕೂಡಿಬಂದವು. ನಡುವೆ ಚಪ್ಪಟೆ, ಅದರ ಸುತ್ತ ಕಡಿದಾದ ಒಂದು ಉಂಗುರ, ಆಚೆಗೆ ಕಣ್ಣಿಗೆ ಒತ್ತಿ ಕೂರುವ ಇನ್ನೊಂದು ಉಂಗುರ ಇರುವ ‘ರಿವರ್ಸ್ ಜಿಯಾಮೆಟ್ರಿ’ ಲೆನ್ಸು ಹುಟ್ಟಿತು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2002ರಲ್ಲಿ ಪ್ಯಾರಗಾನ್ ಸಿಆರ್‌ಟಿ ಲೆನ್ಸನ್ನು ರಾತ್ರಿ ಬಳಕೆಗೆ ಒಪ್ಪಿದಾಗ ಹಾಕಿದ ಮಿತಿ 6 ಡಯಾಪ್ಟರ್ ಸಮೀಪದೃಷ್ಟಿ, 1.75 ಡಯಾಪ್ಟರ್ ಸಿಲಿಂಡರ್. ಈ ಮಿತಿ ಎಲ್ಲಿಂದ ಬಂತು ಎಂದು ಕೇಳಿದರೆ ನೋಟದ ಗುಣಮಟ್ಟದ ಅರ್ಧ ಕಥೆ ತಿಳಿಯುತ್ತದೆ.

ಕಾರ್ನಿಯಾ ಒಂದೇ ಇಡೀ ತುಂಡಲ್ಲ, ಪದರಪದರವಾಗಿದೆ ಎಂಬುದು ಕನ್ನಡಿಗರಿಗೆ 2021ರಲ್ಲಿ ಮನವರಿಕೆಯಾಗಿದೆ. ಪುನೀತ್ ರಾಜ್‌ಕುಮಾರ್ ಅವರು ತೀರಿಕೊಂಡಾಗ ದಾನವಾಗಿ ಬಂದ ಎರಡು ಕಾರ್ನಿಯಾಗಳನ್ನು ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಮುಂಪದರ, ಹಿಂಪದರವೆಂದು ಬಿಡಿಸಿ ನಾಲ್ವರಿಗೆ ಕಸಿ ಮಾಡಿದರು. ರಾತ್ರಿ ಲೆನ್ಸಿನ ಆಟ ಅಷ್ಟು ಆಳಕ್ಕೆ ಹೋಗುವುದಿಲ್ಲ. ಅರ್ಧ ಮಿಲಿಮೀಟರಿಗಿಂತ ಕೊಂಚ ದಪ್ಪವಿರುವ ಕಾರ್ನಿಯಾದ ಎಲ್ಲಕ್ಕೂ ಮೇಲಿನ ಹೊದಿಕೆ ಎಪಿಥೀಲಿಯಂ. ಅದರ ದಪ್ಪ ಸುಮಾರು 50 ಮೈಕ್ರಾನ್, ಅಂದರೆ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ. ಲೆನ್ಸಿನ ಬದಲಾವಣೆಯೆಲ್ಲ ಬಹುಮಟ್ಟಿಗೆ ನಡೆಯುವುದು ಇಲ್ಲೇ ಎಂದು ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಹೆಲೆನ್ ಸ್ವಾರ್‌ಬ್ರಿಕ್ ಮತ್ತು ಜೊತೆಗಾರರು 1998ರಲ್ಲಿ ತೋರಿಸಿದರು: ನಡುಭಾಗ ತೆಳುವಾಗುತ್ತದೆ, ಅದರ ಸುತ್ತಲಿನ ಉಂಗುರ ದಪ್ಪವಾಗುತ್ತದೆ. ಕಾವಲಿಯ ನಡುವೆ ಹಿಟ್ಟು ಹೊಯ್ದು ಸೌಟಿನ ಬೆನ್ನಿನಿಂದ ಹೊರಕ್ಕೆ ತಿರುವಿದ ದೋಸೆಯ ಹಾಗೆ. ಜೀವಕೋಶಗಳು ನಿಜಕ್ಕೂ ಹಿಟ್ಟಿನಂತೆ ಸರಿಯುತ್ತವೋ, ಇದ್ದಲ್ಲೇ ಅಮುಕಿಕೊಳ್ಳುತ್ತವೋ ಎಂಬ ಚರ್ಚೆ ಮುಗಿದಿಲ್ಲ. ಲೆನ್ಸು ನೇರವಾಗಿ ಒತ್ತುವುದೂ ಅಲ್ಲ. ಲೆನ್ಸಿಗೂ ಕಣ್ಣಿಗೂ ನಡುವೆ ಕೆಲವೇ ಮೈಕ್ರಾನಿನ ಕಣ್ಣೀರಿನ ಪರೆ ಇರುತ್ತದೆ, ನಡುವೆ ತಳ್ಳುವ ಒತ್ತಡವನ್ನೂ ಉಂಗುರದಲ್ಲಿ ಸೆಳೆಯುವ ಒತ್ತಡವನ್ನೂ ಆ ಪರೆಯೇ ಉಂಟುಮಾಡುತ್ತದೆ. ಎಪಿಥೀಲಿಯಂ ಒಂದು ವಾರದ ಆಸುಪಾಸಿನಲ್ಲಿ ತನ್ನನ್ನು ತಾನೇ ಹೊಸದು ಮಾಡಿಕೊಳ್ಳುವ ಅಂಗಾಂಶ. ಲೆನ್ಸು ಬಿಟ್ಟರೆ ಕಣ್ಣು ಹಿಂದಿನ ರೂಪಕ್ಕೆ ಮರಳುವುದು ಈ ಕಾರಣದಿಂದ.

ಐವತ್ತು ಮೈಕ್ರಾನಿನಲ್ಲಿ ತೆಳುಮಾಡಲು ಸಿಗುವುದು ಹೆಚ್ಚೆಂದರೆ ಸುಮಾರು 20. ಈ ಸಣ್ಣ ಬಂಡವಾಳದಲ್ಲಿ ಎಷ್ಟು ಪವರ್ ಇಳಿಸಬಹುದು? ಲೇಸರ್ ಚಿಕಿತ್ಸೆಗಾಗಿ ಚಾರ್ಲ್ಸ್ ಮನ್ನರ್ಲಿನ್ 1988ರಲ್ಲಿ ಕೊಟ್ಟ ಸೂತ್ರ ಇಲ್ಲಿಯೂ ಸಲ್ಲುತ್ತದೆ: ಸರಿಪಡಿಸುವ ವಲಯದ ವ್ಯಾಸವನ್ನು ಮಿಲಿಮೀಟರಿನಲ್ಲಿ ತೆಗೆದುಕೊಂಡು ವರ್ಗ ಮಾಡಿ ಮೂರರಿಂದ ಭಾಗಿಸಿದರೆ, ಒಂದು ಡಯಾಪ್ಟರಿಗೆ ಬೇಕಾಗುವ ಆಳ ಮೈಕ್ರಾನಿನಲ್ಲಿ ಬರುತ್ತದೆ. ವಲಯ 6 ಮಿಲಿಮೀಟರ್ ಅಗಲವಿರಬೇಕೆಂದರೆ ಒಂದು ಡಯಾಪ್ಟರಿಗೆ 12 ಮೈಕ್ರಾನ್. ಇರುವ 20 ಮೈಕ್ರಾನಿನಲ್ಲಿ ಎರಡು ಡಯಾಪ್ಟರ್ ಕೂಡ ಇಳಿಯದು. ವಲಯವನ್ನು 5ಕ್ಕೆ ಕುಗ್ಗಿಸಿದರೆ ಸುಮಾರು 2.4 ಡಯಾಪ್ಟರ್. 4ಕ್ಕೆ ಇಳಿಸಿದರೆ 3.75. ಮೂರೂವರೆಗೆ ತಂದರೆ ಹತ್ತಿರ ಹತ್ತಿರ 5. ಕ್ಲಿನಿಕ್ಕಿನಲ್ಲಿ ‘ಮೈನಸ್ ಐದು ಇದ್ದರೂ ಮಾಡಬಹುದು’ ಎಂದಾಗ ಬಾಯಿಬಿಟ್ಟು ಹೇಳದ ಷರತ್ತು ಇದು: ಪವರ್ ಹೆಚ್ಚಾದಷ್ಟೂ ಸ್ಪಷ್ಟವಾಗಿ ಕಾಣುವ ಕಿಂಡಿ ಕಿರಿದಾಗುತ್ತದೆ.

ಕಿಂಡಿ ಕಿರಿದಾದರೆ ಏನಾಯಿತು? ಬಿಸಿಲಿನಲ್ಲಿ ಏನೂ ಆಗುವುದಿಲ್ಲ. ಕಣ್ಣಿನ ಪಾಪೆ ಆಗ 3 ಮಿಲಿಮೀಟರಿಗೆ ಕುಗ್ಗಿರುತ್ತದೆ, ಒಳಗೆ ಹೋಗುವ ಬೆಳಕೆಲ್ಲ ಸರಿಪಡಿಸಿದ ವಲಯದ ಮೂಲಕವೇ ಹೋಗುತ್ತದೆ. ಸಂಜೆಯಾಗಿ ಪಾಪೆ 6 ಮಿಲಿಮೀಟರಿಗೆ ಅರಳಿತು ಎನ್ನಿ. ವಲಯ 4 ಮಿಲಿಮೀಟರ್ ಇದ್ದರೆ ಪಾಪೆಯ ವಿಸ್ತೀರ್ಣದ ಅರ್ಧಕ್ಕಿಂತ ಹೆಚ್ಚು, ನೂರಕ್ಕೆ 56ರಷ್ಟು, ಸರಿಪಡಿಸದ ಭಾಗದ ಕೆಳಗೆ ಬೀಳುತ್ತದೆ. ಅಲ್ಲಿಂದ ಬಂದ ಬೆಳಕು ರೆಟಿನಾದ ಮೇಲೆ ಒಂದೆಡೆ ಕೂಡದೆ ಹರಡಿಕೊಳ್ಳುತ್ತದೆ. ಪಾಪೆಯ ಅಂಚಿನಿಂದ ಬರುವ ಬೆಳಕಿಗೆ ರೆಟಿನಾದ ಶಂಕುಕೋಶಗಳು ಕಡಿಮೆ ಬೆಲೆ ಕೊಡುವುದರಿಂದ ಕಷ್ಟ ಈ ಲೆಕ್ಕ ಹೇಳುವಷ್ಟು ಜೋರಾಗಿರುವುದಿಲ್ಲ. ಆದರೂ ಬೀದಿದೀಪದ ಸುತ್ತ ಪ್ರಭೆ, ಎದುರು ವಾಹನದ ದೀಪ ಒಡೆದು ಚೆಲ್ಲಿದಂತೆ ಕಾಣುವುದು, ಕಪ್ಪು ಆಕಾಶದ ಮೇಲೆ ಬಿಳಿ ಅಕ್ಷರದ ಬೋರ್ಡಿಗೆ ನೆರಳು ಹುಟ್ಟುವುದು ಇವೆಲ್ಲ ಇಲ್ಲಿಂದ ಬರುವ ದೂರುಗಳು. ಲಾಸಿಕ್ ಶುರುವಾದ ಕಾಲದಲ್ಲೂ ಇದೇ ದೂರು ಇತ್ತು. ಲಾಸಿಕ್ ವೈದ್ಯರು ಲೇಸರ್ ವಲಯವನ್ನು ಅಗಲಿಸಿ, ಅಂಚನ್ನು ನಯಗೊಳಿಸಿ ಬಹಳಷ್ಟು ತಗ್ಗಿಸಿಕೊಂಡರು. ಕಾರ್ನಿಯಾದ ಒಳಪದರದಲ್ಲಿ ಕೊರೆಯಲು ಅವರಿಗೆ ಜಾಗವಿತ್ತು. ರಾತ್ರಿ ಲೆನ್ಸಿಗೆ ಆ ಜಾಗ ಇಲ್ಲ.

ಇನ್ನೊಂದು ಬಗೆಯ ದೋಷವಿದೆ, ಅದು ಕನ್ನಡಕದ ಚೀಟಿಯಲ್ಲಿ ಬರುವುದೇ ಇಲ್ಲ. ಚೀಟಿಯಲ್ಲಿರುವ ಪವರ್ ಮತ್ತು ಸಿಲಿಂಡರ್ ಕೆಳದರ್ಜೆಯ ದೋಷಗಳು, ಗಾಜಿನಿಂದ ತಿದ್ದಬಹುದು. ಅದಕ್ಕಿಂತ ಮೇಲಿನವನ್ನು ಮೇಲ್ದರ್ಜೆಯ ಅಬರೇಶನ್ ಎನ್ನುತ್ತಾರೆ. ನೊಬೆಲ್ ಪಡೆದ ಡಚ್ ಭೌತವಿಜ್ಞಾನಿ ಫ್ರಿಟ್ಸ್ ಜರ್ನಿಕೆಯ ಗಣಿತ ಬಳಸಿ ಇವನ್ನು ಬಿಡಿಬಿಡಿಯಾಗಿ ಲೆಕ್ಕ ಹಾಕುತ್ತಾರೆ. ಜೀವಂತ ಕಣ್ಣಿನಲ್ಲಿ ಅಳೆಯುವ ಹಾರ್ಟ್‌ಮನ್-ಶಾಕ್ ಉಪಕರಣ 1990ರ ದಶಕದಲ್ಲಿ ಬಂತು. ಇಲ್ಲಿ ಮುಖ್ಯವಾದವು ಎರಡು. ಸಹಜ ಕಾರ್ನಿಯಾ ನಡುವೆ ಹೆಚ್ಚು ಬಾಗಿ ಅಂಚಿನತ್ತ ಚಪ್ಪಟೆಯಾಗುತ್ತ ಹೋಗುತ್ತದೆ. ಅಂಚಿನ ಕಿರಣಗಳು ಅತಿಯಾಗಿ ಬಾಗದಂತೆ ತಡೆಯುವ ಏರ್ಪಾಡು ಅದು. ಲೆನ್ಸು ಇದನ್ನು ತಿರುವುಮುರುವು ಮಾಡುತ್ತದೆ, ನಡುವೆ ಚಪ್ಪಟೆ, ಆಚೆಗೆ ಕಡಿದು. ಹಾಗಾಗಿ ಗೋಲೀಯ ಅಬರೇಶನ್ ಏರುತ್ತದೆ, ದೀಪದ ಸುತ್ತ ಸಮನಾದ ಪ್ರಭೆ ಕಾಣುತ್ತದೆ. ಎರಡನೆಯದು ಕೋಮಾ. ಲೆನ್ಸು ಪಾಪೆಯ ನಡುವಿಗೆ ಸರಿಯಾಗಿ ಕೂರದೆ ಪಕ್ಕಕ್ಕೆ ವಾಲಿದರೆ ಚುಕ್ಕಿಬೆಳಕಿಗೆ ಒಂದೇ ಕಡೆ ಬಾಲ ಹುಟ್ಟುತ್ತದೆ. ಹೆಚ್ಚಿನ ಕಣ್ಣುಗಳಲ್ಲಿ ಲೆನ್ಸು ಸರಿಯುವುದು ಕಿವಿಯ ಕಡೆಗೆ, ತುಸು ಕೆಳಕ್ಕೆ.

ಇಲಿನಾಯ್ಸ್ ವಿಶ್ವವಿದ್ಯಾಲಯದ ಷಿಕಾಗೋ ಕೇಂದ್ರದ ತಂಡವೊಂದು 2003ರಲ್ಲಿ ಪ್ರಕಟಿಸಿದ ಅಳತೆಯಲ್ಲಿ, ಒಂದು ತಿಂಗಳು ಲೆನ್ಸು ಹಾಕಿದವರ ಮೇಲ್ದರ್ಜೆಯ ಅಬರೇಶನ್ ಎರಡು ಪಟ್ಟಿಗೂ ಮೀರಿ ಏರಿತ್ತು. ಎರಡು ವರ್ಷಗಳ ನಂತರ ಓಹಾಯೋದಲ್ಲಿ ಬರ್ನ್‌ಟ್ಸನ್, ಬಾರ್, ಮಿಚೆಲ್ ಇನ್ನೊಂದು ಸೂಕ್ಷ್ಮ ಕಂಡರು: ಕಪ್ಪಕ್ಷರದ ಚಾರ್ಟಿನಲ್ಲಿ ನೋಟ ಸರಿಯಿದ್ದಾಗಲೂ ಬೂದು ಅಕ್ಷರದ ಚಾರ್ಟಿನಲ್ಲಿ ಅದು ಇಳಿದಿತ್ತು, ಮೇಲೆ ಕನ್ನಡಕ ಇಟ್ಟು ಉಳಿದ ಪವರ್ ತಿದ್ದಿದರೂ ಆ ಕೊರತೆ ನಿಂತಿತ್ತು. ಜಪಾನಿನ ತ್ಸುಕುಬಾ ವಿಶ್ವವಿದ್ಯಾಲಯದ ತಾಕಾಹಿರೊ ಹಿರಾವೊಕಾ ಈ ವಿಷಯದ ಬೆನ್ನು ಹತ್ತಿದವರಲ್ಲಿ ಮುಖ್ಯರು. ಅಬರೇಶನ್ ಎಷ್ಟು ಏರಿತೋ ಅಷ್ಟರ ಮಟ್ಟಿಗೆ ಕಾಂಟ್ರಾಸ್ಟ್ ಗ್ರಹಿಕೆ ಇಳಿಯುತ್ತದೆ, ಹೆಚ್ಚು ಪವರ್ ಇಳಿಸಿದವರಲ್ಲಿ ನಷ್ಟವೂ ಹೆಚ್ಚು ಎಂದು ಅವರ ತಂಡ ತೋರಿಸಿತು. ಲೆನ್ಸು ನಿಲ್ಲಿಸಿದವರನ್ನು ಹಿಂಬಾಲಿಸಿ, ವಾರಗಳಲ್ಲಿ ಅಬರೇಶನ್ನೂ ಕಾಂಟ್ರಾಸ್ಟೂ ಮೊದಲಿನಂತಾಗುವುದನ್ನು ದಾಖಲಿಸಿದವರೂ ಅವರೇ. ಲೇಸರ್ ಮಾಡಿಸಿಕೊಂಡವರಿಗೆ ಇಲ್ಲದ ಈ ವಾಪಸಾತಿಯ ದಾರಿಯನ್ನು ನಾನು ಸಣ್ಣದೆಂದು ಎಣಿಸುವುದಿಲ್ಲ. ಸರಾಸರಿಯಲ್ಲಿ ನೋಡಿದರೆ ನಷ್ಟವೂ ದೊಡ್ಡದಲ್ಲ. ಆದರೆ ಸರಾಸರಿ ಕಣ್ಣು ಎಂಬುದು ಯಾರ ಮುಖದಲ್ಲೂ ಇಲ್ಲ.

ಇಬ್ಬರಿಗೆ ಒಂದೇ ಪವರ್, ಒಂದೇ ಕಂಪನಿಯ ಲೆನ್ಸು, ಇಬ್ಬರೂ 6/6 ಓದುತ್ತಾರೆ. ಒಬ್ಬರಿಗೆ ರಾತ್ರಿ ಏನೂ ತೊಂದರೆಯಿಲ್ಲ, ಇನ್ನೊಬ್ಬರು ಗಾಡಿ ಓಡಿಸಲು ಹೆದರುತ್ತಾರೆ. ಬೇರೆತನ ಎಲ್ಲಿದೆ ಎಂದು ನೋಡಬೇಕಾದರೆ ಕಾರ್ನಿಯಲ್ ಟೋಪೋಗ್ರಫಿ ಎಂಬ ಬಣ್ಣದ ನಕ್ಷೆಯನ್ನು ಕೈಗೆತ್ತಿಕೊಳ್ಳಬೇಕು. ಲೆನ್ಸು ಚೆನ್ನಾಗಿ ಕೂತಿದ್ದರೆ ಪಾಪೆಯ ಮೇಲೆಯೇ ದುಂಡಗಿನ ನೀಲಿ ವೃತ್ತ, ಅದರ ಸುತ್ತ ಎಲ್ಲೂ ಕಡಿಯದ ಕೆಂಪು ಉಂಗುರ ಕಾಣುತ್ತದೆ. ಲೆನ್ಸು ಮೇಲಕ್ಕೆ ಸರಿದು ಕೂತಿದ್ದರೆ ನೀಲಿ ಮೇಲೆ ಹೋಗಿ, ಕೆಳಗೆ ಕೆಂಪು ಬಾಗು ಉಳಿದು ನಕ್ಷೆಯೇ ನಕ್ಕಂತೆ ಇರುತ್ತದೆ. ತಜ್ಞರು ಇದನ್ನು ಸ್ಮೈಲಿ ಫೇಸ್ ಎಂದೇ ಕರೆಯುತ್ತಾರೆ, ನಗುವ ವಿಷಯವೇನೂ ಅಲ್ಲ. ನೀಲಿಯ ನಡುವೆ ಬೇರೆ ಬಣ್ಣದ ಒಂದು ದಿಬ್ಬ ಉಳಿದಿದ್ದರೆ ಅದು ಸೆಂಟ್ರಲ್ ಐಲ್ಯಾಂಡ್. ಹೀಗೆ ಇರುವವರು ‘ಅಕ್ಷರ ಓದುತ್ತೇನೆ, ಆದರೆ ಯಾಕೋ ಸರಿಯಾಗಿಲ್ಲ’ ಎನ್ನುತ್ತಾರೆ. ಚಾರ್ಟನ್ನು ಮಾತ್ರ ನಂಬುವ ಕ್ಲಿನಿಕ್ಕು ಅವರನ್ನು ಸಮಾಧಾನ ಹೇಳಿ ಕಳಿಸುತ್ತದೆ. ನಕ್ಷೆ ನೋಡುವ ಕ್ಲಿನಿಕ್ಕು ಲೆನ್ಸಿನ ಬಾಗು ಬದಲಿಸುತ್ತದೆ. ಸಿಲಿಂಡರ್ ಪವರ್ ಇರುವವರಿಗೆ ಟೋರಿಕ್ ವಿನ್ಯಾಸದ ಲೆನ್ಸು ಹಾಕಿದರೆ ಅದು ನಡುವಿಗೆ ಹೆಚ್ಚು ಭದ್ರವಾಗಿ ಕೂರುತ್ತದೆ. ನನ್ನ ಮಟ್ಟಿಗೆ, ಈ ಚಿಕಿತ್ಸೆಯಲ್ಲಿ ನೋಟದ ಗುಣಮಟ್ಟ ಲೆನ್ಸಿನ ಬ್ರಾಂಡಿಗಿಂತ ಅದನ್ನು ಕೂರಿಸುವವರ ಕೈಯಲ್ಲಿದೆ.

ದಿನದ ಏರಿಳಿತವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬೆಳಿಗ್ಗೆ ಲೆನ್ಸು ತೆಗೆದ ಕ್ಷಣದಿಂದಲೇ ಕಾರ್ನಿಯಾ ತನ್ನ ಹಳೆಯ ರೂಪದತ್ತ ನಿಧಾನವಾಗಿ ಹೊರಡುತ್ತದೆ. ಸಂಜೆಯ ಹೊತ್ತಿಗೆ ಕಾಲು ಡಯಾಪ್ಟರಿನಿಂದ ಮುಕ್ಕಾಲರವರೆಗೆ ಪವರ್ ಮರಳಿರಬಹುದು. ಇದನ್ನು ಸರಿದೂಗಿಸಲೆಂದೇ ರಾತ್ರಿ ಲೆನ್ಸು ಬೇಕಾದ್ದಕ್ಕಿಂತ ಅರ್ಧ, ಮುಕ್ಕಾಲು ಡಯಾಪ್ಟರ್ ಹೆಚ್ಚಿಗೆ ಇಳಿಸುವಂತೆ ಮಾಡಿರುತ್ತಾರೆ, ಆ ಹೆಚ್ಚುವರಿಗೆ ಹಳೆಯ ಜೆಸೆನ್ ಹೆಸರೇ ಉಳಿದಿದೆ. ಅಂದರೆ ಬೆಳಿಗ್ಗೆ ಕಣ್ಣು ತುಸು ಪ್ಲಸ್ ಕಡೆಗಿರುತ್ತದೆ. ಹನ್ನೆರಡರ ಹುಡುಗ ಅದನ್ನು ಗಮನಿಸುವುದೂ ಇಲ್ಲ, ಅವನ ಕಣ್ಣಿನೊಳಗಿನ ಮಸೂರ ಸಲೀಸಾಗಿ ಹೊಂದಿಸಿಕೊಳ್ಳುತ್ತದೆ. ನಲವತ್ತೆರಡರ ಅವನ ತಾಯಿ ಅದೇ ಲೆನ್ಸು ಹಾಕಿದರೆ ಬೆಳಗಿನ ಪೇಪರು ಮಸುಕು. ಸಂಜೆ ಇಬ್ಬರಿಗೂ ಪವರ್ ಮರಳುವುದೂ ಪಾಪೆ ಅರಳುವುದೂ ಒಂದೇ ಹೊತ್ತಿಗೆ. ಕಣ್ಣಿನ ಪರೀಕ್ಷೆ ಮಾತ್ರ ಸಾಮಾನ್ಯವಾಗಿ ಬೆಳಿಗ್ಗೆ ಹತ್ತೂವರೆಗೆ, ಟ್ಯೂಬ್‌ಲೈಟಿನ ಕೆಳಗೆ ನಡೆಯುತ್ತದೆ.

ಇಷ್ಟೆಲ್ಲ ಇದ್ದರೂ ಹಾಕಿದವರನ್ನು ಕೇಳಿದರೆ ಬಹುಪಾಲು ಮಂದಿ ಸಂತೋಷವಾಗಿಯೇ ಇರುತ್ತಾರೆ. ಹಗಲಿನ ಮೃದು ಲೆನ್ಸನ್ನೂ ರಾತ್ರಿ ಲೆನ್ಸನ್ನೂ ಸರದಿಯಲ್ಲಿ ಹಾಕಿಸಿ ನೋಡಿದ ಅಮೆರಿಕದ 2005ರ ಒಂದು ಅಧ್ಯಯನದಲ್ಲಿ, ಕೊನೆಗೆ ಮೂರರಲ್ಲಿ ಎರಡು ಪಾಲು ಜನ ರಾತ್ರಿ ಲೆನ್ಸನ್ನೇ ಆರಿಸಿಕೊಂಡರು. ಮ್ಯಾಡ್ರಿಡ್‌ನಲ್ಲಿ ಮಕ್ಕಳನ್ನು ಪ್ರಶ್ನಿಸಿದಾಗಲೂ ಕನ್ನಡಕದವರಿಗಿಂತ ಲೆನ್ಸಿನವರು ತಮ್ಮ ನೋಟಕ್ಕೆ, ಆಟೋಟಕ್ಕೆ, ರೂಪಕ್ಕೆ ಹೆಚ್ಚು ಅಂಕ ಕೊಟ್ಟರು. ಇಂಥ ಪ್ರಶ್ನಾವಳಿಗಳನ್ನು ಸ್ವಲ್ಪ ಎಚ್ಚರದಿಂದ ಓದಬೇಕು. ಕನ್ನಡಕ ಕಳಚಿದ ಖುಷಿಯಲ್ಲಿ ದೀಪದ ಪ್ರಭೆ ಮಾಫಿಯಾಗುತ್ತದೆ. ಅದು ಖುಷಿಯ ಅಳತೆಯೇ ಹೊರತು ದೃಷ್ಟಿಯ ಅಳತೆ ಅಲ್ಲ. ಇನ್ನೊಂದು ಕಡೆ, ಮಿದುಳು ಹೊಂದಿಕೊಳ್ಳುವುದೂ ನಿಜವೇ. ಸ್ಪೇನಿನ ಪಾಬ್ಲೋ ಆರ್ತಾಲ್ ಮತ್ತು ಸಂಗಡಿಗರು 2004ರಲ್ಲಿ ಒಂದು ಚೆಂದದ ಪ್ರಯೋಗ ಮಾಡಿದರು: ಒಬ್ಬರ ಕಣ್ಣಿನ ಅಬರೇಶನ್ನನ್ನೇ ತಿರುಗಿಸಿ ಅವರಿಗೆ ತೋರಿಸಿದರೆ, ದೋಷದ ಪ್ರಮಾಣ ಅಷ್ಟೇ ಇದ್ದರೂ ನೋಟ ಹೆಚ್ಚು ಮಸುಕಾಗಿ ಕಾಣುತ್ತದೆ. ತನ್ನ ಕಣ್ಣಿನ ಕೊಂಕಿಗೆ ಮಿದುಳು ಒಗ್ಗಿರುತ್ತದೆ ಎಂದರ್ಥ. ಲೆನ್ಸು ಹಾಕಿದ ಮೊದಲ ವಾರಗಳ ದೂರು ತಿಂಗಳುಗಳಲ್ಲಿ ತಗ್ಗುವುದಕ್ಕೆ ಇದೂ ಒಂದು ಕಾರಣವಿರಬೇಕು.

ಈಗ ಮಕ್ಕಳ ವಿಷಯ. 2050ರ ವೇಳೆಗೆ ಜಗತ್ತಿನ ಅರ್ಧದಷ್ಟು ಜನರಿಗೆ ಸಮೀಪದೃಷ್ಟಿ ಇರಬಹುದು ಎಂದು ಬ್ರಯನ್ ಹೋಲ್ಡನ್ ಸಂಸ್ಥೆಯ ತಜ್ಞರು 2016ರಲ್ಲಿ ಅಂದಾಜಿಸಿದ ಮೇಲೆ, ರಾತ್ರಿ ಲೆನ್ಸಿನ ಗಿರಾಕಿ ಬದಲಾಗಿದ್ದಾನೆ. ಮೊದಲು ಕನ್ನಡಕ ಬೇಡವೆನ್ನುವ ಯುವಕರಿಗಾಗಿ ಇದ್ದದ್ದು ಈಗ ವರ್ಷವರ್ಷವೂ ಪವರ್ ಏರುವ ಶಾಲಾಮಕ್ಕಳ ಚಿಕಿತ್ಸೆ. ಮಗುವಿನ ಪವರ್ ಏರುವುದೆಂದರೆ ಕಣ್ಣುಗುಡ್ಡೆ ಹಿಂದಕ್ಕೆ ಉದ್ದವಾಗುವುದು. ಹಾಂಗ್‌ಕಾಂಗ್ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯದ ಪಾಲಿನ್ ಚೋ ನೇತೃತ್ವದ ರೋಮಿಯೊ ಅಧ್ಯಯನದಲ್ಲಿ, ಎರಡು ವರ್ಷಗಳಲ್ಲಿ ಕನ್ನಡಕದ ಮಕ್ಕಳ ಕಣ್ಣು ಸರಾಸರಿ 0.63 ಮಿಲಿಮೀಟರ್ ಬೆಳೆದರೆ ರಾತ್ರಿ ಲೆನ್ಸಿನವರದು 0.36 ಮಾತ್ರ. ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪಿಗೆ ಹಂಚಿ ಮಾಡಿದ ಈ ಪ್ರಯೋಗ 2012ರಲ್ಲಿ ಪ್ರಕಟವಾಯಿತು. ಮ್ಯಾಡ್ರಿಡ್‌ನ ಲೆಕ್ಕವೂ ಅದೇ ದಿಕ್ಕಿನದು.

ಯಾಕೆ ಹೀಗೆ ಎಂಬುದಕ್ಕೆ ಕೊಡುವ ವಿವರಣೆಗಳನ್ನು ಓದುವಾಗ ಮೇಲೆ ಹೇಳಿದ ದೋಷಗಳೆಲ್ಲ ಮತ್ತೆ ಎದುರಾಗುತ್ತವೆ. ಒಂದು ವಾದದ ಪ್ರಕಾರ ಚಪ್ಪಟೆ ವಲಯದ ಆಚೆಗಿನ ಕಡಿದಾದ ಉಂಗುರದಿಂದ ಹೋದ ಬೆಳಕು ರೆಟಿನಾದ ಅಂಚಿನಲ್ಲಿ ಅದರ ಮುಂದೆಯೇ ಕೂಡುತ್ತದೆ, ಕಣ್ಣಿಗೆ ‘ಇನ್ನು ಉದ್ದವಾಗಬೇಕಿಲ್ಲ’ ಎಂಬ ಸೂಚನೆ ಸಿಗುತ್ತದೆ. ಹೂಸ್ಟನ್‌ನಲ್ಲಿ ಅರ್ಲ್ ಸ್ಮಿತ್ ಮರಿಕೋತಿಗಳ ಮೇಲೆ ನಡೆಸಿದ ಪ್ರಯೋಗಗಳು ಈ ವಾದಕ್ಕೆ ಬಲ ಕೊಟ್ಟಿವೆ. ಇನ್ನೊಂದು ವಾದ ಅಬರೇಶನ್ನಿಗೇ ಕೀರ್ತಿ ಕೊಡುತ್ತದೆ. ಲೆನ್ಸು ಹಾಕಿದ ಮಕ್ಕಳಲ್ಲಿ ಕೋಮಾದಂಥ ದೋಷ ಹೆಚ್ಚು ಏರಿದವರ ಕಣ್ಣು ಕಡಿಮೆ ಬೆಳೆದಿತ್ತು ಎಂದು ಹಿರಾವೊಕಾ 2015ರಲ್ಲಿ ಬರೆದರು. ಗೋಲೀಯ ಅಬರೇಶನ್ ಹೆಚ್ಚಿದ್ದಷ್ಟೂ ಬೆಳವಣಿಗೆ ನಿಧಾನ ಎಂದು ಹಾಂಗ್‌ಕಾಂಗ್ ತಂಡವೂ ಕಂಡಿತು. ಆಮೇಲೆ ಅವರು ಬೇಕೆಂದೇ ವಲಯ ಕಿರಿದು ಮಾಡಿ ನೋಡಿದರು. ಲೆನ್ಸಿನ ನಡುವಲಯವನ್ನು 6 ಮಿಲಿಮೀಟರಿನಿಂದ 5ಕ್ಕೆ ಇಳಿಸಿದಾಗ ಎರಡು ವರ್ಷಗಳ ಬೆಳವಣಿಗೆ 0.35 ಮಿಲಿಮೀಟರಿನಿಂದ 0.15ಕ್ಕೆ ಇಳಿಯಿತು. ಗುಡ್ಡೆಯ ಉದ್ದದಲ್ಲಿ ಒಂದು ಮಿಲಿಮೀಟರ್ ಎಂದರೆ ಸುಮಾರು ಎರಡೂವರೆ ಡಯಾಪ್ಟರ್ ಎಂದು ನೆನಪಿಟ್ಟುಕೊಂಡರೆ ಈ ಅಂತರದ ತೂಕ ತಿಳಿಯುತ್ತದೆ.

ಹೀಗಾಗಿ ಲೆನ್ಸು ವಿನ್ಯಾಸ ಮಾಡುವವರು ಎರಡು ದಿಕ್ಕಿಗೆ ಎಳೆಯುತ್ತಿದ್ದಾರೆ. ದೊಡ್ಡವರಿಗೆ ವಲಯ ಅಗಲವಾಗಬೇಕು, ಅಂಚು ನಯವಾಗಬೇಕು. ಮಕ್ಕಳಿಗೆ ವಲಯ ಕಿರಿದಾಗಬೇಕು, ಸುತ್ತಲ ಏರು ಕಡಿದಾಗಬೇಕು. ಹಿಂದೆ ತಪ್ಪು ಎಂದು ತಿದ್ದುತ್ತಿದ್ದುದನ್ನೇ ಈಗ ಔಷಧಿಯಂತೆ ಬರೆದುಕೊಡುತ್ತಿದ್ದಾರೆ. ಮಕ್ಕಳ ಪಾಪೆ ದೊಡ್ಡದು, ಹಾಗಾಗಿ ದೂರೂ ಹೆಚ್ಚಿರಬೇಕಲ್ಲವೇ ಎಂದರೆ, ಹಾಗಿಲ್ಲ. ಅವರು ರಾತ್ರಿ ಗಾಡಿ ಓಡಿಸುವುದಿಲ್ಲ, ಬೇಗ ಮಲಗುತ್ತಾರೆ, ಬೇಗ ಒಗ್ಗಿಕೊಳ್ಳುತ್ತಾರೆ. ಜೊತೆಗೆ, ಮಬ್ಬಾಗಿ ಕಂಡರೂ ಹೇಳುವುದಿಲ್ಲ. ಈ ಕೊನೆಯದನ್ನು ಅಧ್ಯಯನಗಳಿಗಿಂತ ಅಪ್ಪ ಅಮ್ಮಂದಿರು ಚೆನ್ನಾಗಿ ಬಲ್ಲರು. ಕಣ್ಣಿನ ಬೆಳವಣಿಗೆ ತಡೆಯುವ ಬೇರೆ ದಾರಿಗಳಿಗೂ ಇಂಥದೇ ಬೆಲೆಯಿದೆ ಎಂಬುದನ್ನೂ ಹೇಳಬೇಕು: ಹಗಲಿನ ಬಹುವಲಯ ಮೃದು ಲೆನ್ಸು ಕಾಂಟ್ರಾಸ್ಟ್ ತಗ್ಗಿಸುತ್ತದೆ, ಅಟ್ರೋಪಿನ್ ಹನಿ ಪಾಪೆಯನ್ನು ಅರಳಿಸುತ್ತದೆ. ರಾತ್ರಿ ಲೆನ್ಸನ್ನೂ ಅಟ್ರೋಪಿನ್ನನ್ನೂ ಒಟ್ಟಿಗೆ ಕೊಡುವ ಪದ್ಧತಿ ಈಗ ಹಬ್ಬುತ್ತಿದೆ. ಬೆಳವಣಿಗೆ ಇನ್ನೂ ತಗ್ಗುತ್ತದೆ ಎಂಬ ಫಲಿತಾಂಶಗಳಿವೆ. ಕಿರಿದಾದ ವಲಯದ ಹಿಂದೆ ಅರಳಿದ ಪಾಪೆ ಇಟ್ಟರೆ ನೋಟ ಹೇಗಿರುತ್ತದೆ ಎಂದು ಮೇಲಿನ ಲೆಕ್ಕ ಓದಿದವರು ಊಹಿಸಬಲ್ಲರು. ಶುರು ಮಾಡಿದ ಮೇಲೆ ಹದಿನಾಲ್ಕು ವರ್ಷ ವಯಸ್ಸಿನ ಒಳಗೆ ನಡುವೆ ಬಿಟ್ಟರೆ ಕಣ್ಣು ಮತ್ತೆ ವೇಗವಾಗಿ ಬೆಳೆಯತೊಡಗುತ್ತದೆ ಎಂಬುದೂ ಹಾಂಗ್‌ಕಾಂಗ್‌ನಲ್ಲಿ ಕಂಡದ್ದೇ. ಲೆನ್ಸು ಮತ್ತು ತಪಾಸಣೆ ಸೇರಿ ಹತ್ತಾರು ಸಾವಿರ ರೂಪಾಯಿ ಕೇಳುವ, ವರ್ಷಗಟ್ಟಲೆ ನಡೆಯಬೇಕಾದ ಚಿಕಿತ್ಸೆಗೆ ಇಳಿಯುವ ಮುಂಚೆ ಇದು ಮನೆಯಲ್ಲಿ ಮಾತಾಡಬೇಕಾದ ವಿಷಯ.

ನೋಟದ ಗುಣಮಟ್ಟವನ್ನು ನಿಜಕ್ಕೂ ಕಸಿದುಕೊಳ್ಳಬಲ್ಲದ್ದು ಅಬರೇಶನ್ ಅಲ್ಲ, ಸೋಂಕು. ಕಾರ್ನಿಯಾದ ನಡುವೆ ಹುಣ್ಣಾಗಿ ಮಾಯ್ದರೆ ಉಳಿಯುವ ಬಿಳಿ ಕಲೆ ಲೆನ್ಸು ಬಿಟ್ಟರೂ ಹೋಗುವುದಿಲ್ಲ. 2000ದ ಸುಮಾರಿಗೆ ಪೂರ್ವ ಏಷ್ಯಾದಲ್ಲಿ, ತರಬೇತಿ ಇಲ್ಲದವರೂ ಈ ಲೆನ್ಸು ಮಾರುತ್ತಿದ್ದಾಗ ಇಂಥ ಪ್ರಕರಣಗಳು ಸಾಲಾಗಿ ಬಂದವು. ಸ್ವಾರ್‌ಬ್ರಿಕ್ ಮತ್ತು ಕ್ಯಾಥ್ಲೀನ್ ವಾಟ್ 2007ರಲ್ಲಿ ಕಲೆಹಾಕಿದ 123 ಪ್ರಕರಣಗಳಲ್ಲಿ ಬಹುಪಾಲು ಅಲ್ಲಿಯವೇ. ರೋಗಾಣುಗಳಲ್ಲಿ ಸ್ಯೂಡೋಮೋನಾಸ್ ಬ್ಯಾಕ್ಟೀರಿಯಾ ಮೊದಲನೆಯದು, ಅದರ ಬೆನ್ನಿಗೇ ನಲ್ಲಿನೀರಿನಲ್ಲಿ ಬದುಕುವ ಅಕಾಂತಮೀಬಾ. ಬಳಿಕ ಅಮೆರಿಕದಲ್ಲಿ ಮಾರ್ಕ್ ಬುಲಿಮೋರ್ ಮತ್ತಿತರರು ಮಾಡಿದ 2013ರ ಸಮೀಕ್ಷೆ ಸಮಾಧಾನಕರ: ಹತ್ತು ಸಾವಿರ ಮಂದಿ ಒಂದು ವರ್ಷ ಹಾಕಿದರೆ 7.7 ಸೋಂಕು, ಮಕ್ಕಳಲ್ಲಿ 13.9. ಆ ಲೆಕ್ಕ ನಿಂತಿರುವುದು ಎರಡೇ ಪ್ರಕರಣಗಳ ಮೇಲೆ, ಎರಡೂ ಮಕ್ಕಳದ್ದೇ, ಆದ್ದರಿಂದ ಅಂಕಿಯನ್ನು ಕಲ್ಲಿನ ಗೆರೆ ಎಂದು ತಿಳಿಯಬಾರದು.

ಬೆಳಗಿನ ಕೆಲಸವೂ ಕಲಿಯಬೇಕಾದದ್ದೇ. ರಾತ್ರಿಯ ಕಣ್ಣೀರು ಆರಿ ಲೆನ್ಸು ಕಣ್ಣಿಗೆ ಅಂಟಿಕೊಂಡಿರಬಹುದು. ಒಂದೆರಡು ತೊಟ್ಟು ಕೃತಕ ಕಣ್ಣೀರು ಬಿಟ್ಟು, ಐದು ನಿಮಿಷ ಕಾದು, ಕೆಳರೆಪ್ಪೆಯ ಅಂಚಿನಿಂದ ಮೆಲ್ಲಗೆ ಒತ್ತಿ, ಲೆನ್ಸು ಅಲುಗಾಡುವುದನ್ನು ಕಂಡ ಮೇಲೆ ರಬ್ಬರ್ ಕಡ್ಡಿಯಿಂದ ತೆಗೆಯಬೇಕು. ಸ್ಕೂಲ್ ಬಸ್ಸಿಗೆ ಹೊತ್ತಾಯಿತೆಂದು ಅಂಟಿದ ಲೆನ್ಸನ್ನು ಹಾಗೆಯೇ ಕಿತ್ತರೆ ಎಪಿಥೀಲಿಯಂ ಸುಲಿದು ಬರಬಹುದು, ಸೋಂಕಿಗೆ ಅದೇ ಬಾಗಿಲು.

ಎಲ್ಲವನ್ನೂ ತೂಗಿ ನೋಡಿದರೆ ನನ್ನ ತೀರ್ಪು ಹೀಗೆ. ಮೈನಸ್ ಒಂದರಿಂದ ನಾಲ್ಕರ ನಡುವೆ ಇದ್ದು ವರ್ಷವರ್ಷ ಏರುತ್ತಿರುವ, ಕೈ ತೊಳೆಯುವ ಶಿಸ್ತಿರುವ ಮಗುವಿಗೆ ರಾತ್ರಿ ಲೆನ್ಸು ಒಳ್ಳೆಯ ಆಯ್ಕೆ. ಕಾಂಟ್ರಾಸ್ಟಿನ ಸಣ್ಣ ನಷ್ಟ ಆ ಲಾಭಕ್ಕೆ ಕೊಡತಕ್ಕ ಬೆಲೆಯೇ. ಹಗಲು ಮೈದಾನದಲ್ಲೋ ಈಜುಕೊಳದಲ್ಲೋ ಇರುವ ಕಡಿಮೆ ಪವರಿನ ಯುವಕರಿಗೂ ಸರಿಯೇ. ಮೈನಸ್ ಐದು ದಾಟಿದ, ರಾತ್ರಿ ಪಾಳಿಯಲ್ಲಿ ವಾಹನ ಓಡಿಸುವ, ದೊಡ್ಡ ಪಾಪೆಯ ವಯಸ್ಕರಿಗೆ ನಾನು ಇದನ್ನು ಹೇಳಲಾರೆ. ಕನ್ನಡಕವೇ ಅವರಿಗೆ ಹೆಚ್ಚು ಸ್ಪಷ್ಟ. ಯಾರೇ ಆಗಲಿ, ದುಡ್ಡು ಕಟ್ಟುವ ಮುಂಚೆ ಮಬ್ಬು ಬೆಳಕಿನಲ್ಲಿ ಪಾಪೆಯ ಅಳತೆ ತೆಗೆಸಿ. ಲೆನ್ಸು ಹಾಕಿದ ತಿಂಗಳ ಮೇಲೆ ಬೂದು ಅಕ್ಷರದ ಚಾರ್ಟು ಓದಿಸಿ ಎಂದು ಕೇಳಿ, ಸಾಧ್ಯವಾದರೆ ಸಂಜೆ ಹೊತ್ತಿನಲ್ಲಿ. ಟೋಪೋಗ್ರಫಿ ನಕ್ಷೆಯ ಒಂದು ಪ್ರತಿ ಮನೆಯಲ್ಲಿರಲಿ. ಲೆನ್ಸಿಗೂ ಅದರ ಡಬ್ಬಿಗೂ ನಲ್ಲಿನೀರು ಸೋಕಿಸಬೇಡಿ. ಕಣ್ಣು ಕೆಂಪಾಗಿ ನೋವಿದ್ದರೆ ಆ ರಾತ್ರಿ ಲೆನ್ಸು ಹಾಕದೆ, ಅದೇ ದಿನ ಡಾಕ್ಟರಿಗೆ ತೋರಿಸಿ.